ಅದೇ ಜುಮುಕಿ, ಬೇರೆ ಲೋಹ

ಮೈಸೂರಿನ ಅಶೋಕ ರಸ್ತೆಯ ಒಡವೆ ಅಂಗಡಿಗಳಲ್ಲಿ ‘ಎಷ್ಟು ಗ್ರಾಂ’ ಎಂದು ಮಾತ್ರ ಕೇಳುತ್ತಿದ್ದವರು ಈಗ ‘ಎಷ್ಟು ಕ್ಯಾರೆಟ್’ ಎಂದೂ ಕೇಳುತ್ತಾರೆ. 2025ರಲ್ಲಿ ಹತ್ತು ಗ್ರಾಂ ಅಪರಂಜಿಯ ಬೆಲೆ ಲಕ್ಷ ರೂಪಾಯಿ ದಾಟಿತು. ನಾನು ಬಹಳ ಮೆಚ್ಚುವ ಇಲ್ಲಿನ ವಿನ್ಯಾಸಕಿಯೊಬ್ಬರು ಆಮೇಲೆ ಲೋಹ ಬದಲಿಸಿದರು. 22 ಕ್ಯಾರೆಟ್ಟಿನಲ್ಲಿ ಮಾಡುತ್ತಿದ್ದ ಜುಮುಕಿಯನ್ನೇ ಈಗ 18 ಕ್ಯಾರೆಟ್ಟಿನಲ್ಲಿ, ಚಿನ್ನದ ಲೇಪ ಕೊಟ್ಟ ಬೆಳ್ಳಿಯಲ್ಲಿ, ಹಿತ್ತಾಳೆಯಲ್ಲೂ ಮಾಡಿಸುತ್ತಾರೆ. ಹಳೆಯ ಗಿರಾಕಿಗಳಲ್ಲಿ ಕೆಲವರಿಗೆ ಇದರಿಂದ ಬೇಸರವಾಗಿದೆ. ನನಗೆ ಹಾಗನ್ನಿಸುವುದಿಲ್ಲ. ಲೋಹ ಬದಲಾದರೆ ಒಡವೆಯ ಸ್ವಭಾವವೇ ಬದಲಾಗುತ್ತದೆ, ನಿಜ. ಆ ಸ್ವಭಾವ ಏನೆಂದು ಗೊತ್ತಿದ್ದರೆ ಮೋಸಹೋಗುವ ಭಯ ಬೇಕಿಲ್ಲ.

ಅಪರಂಜಿ ತೀರ ಮೆತ್ತಗೆ. ಅದರ ಪರಮಾಣುಗಳು ಪದರ ಪದರವಾಗಿ ಕೂತಿರುತ್ತವೆ, ಸ್ವಲ್ಪ ಒತ್ತಿದರೆ ಒಂದರ ಮೇಲೊಂದು ಜಾರುತ್ತವೆ. ಬೆಳ್ಳಿ ಬೆರೆಸಿದರೆ ಗಡಸುತನ ಅಷ್ಟೇನೂ ಹೆಚ್ಚುವುದಿಲ್ಲ, ಏಕೆಂದರೆ ಬೆಳ್ಳಿಯ ಪರಮಾಣುವೂ ಚಿನ್ನದ್ದೂ ಗಾತ್ರದಲ್ಲಿ ಹೆಚ್ಚುಕಡಿಮೆ ಒಂದೇ. ತಾಮ್ರದ ಪರಮಾಣು ಶೇ 11ರಷ್ಟು ಚಿಕ್ಕದು. ಅದು ನಡುವೆ ಸೇರಿಕೊಂಡರೆ ಸುತ್ತಲಿನ ಸಾಲು ಸೊಟ್ಟಗಾಗುತ್ತದೆ, ಪದರಗಳ ಜಾರಾಟ ಅಲ್ಲಲ್ಲೇ ಸಿಕ್ಕಿಬೀಳುತ್ತದೆ. 18 ಕ್ಯಾರೆಟ್ಟಿನ ಚಿನ್ನದಲ್ಲಿ ಹರಳು ಹಿಡಿಯುವ ಸಣ್ಣ ಕೊಕ್ಕೆಗಳು 22ಕ್ಕಿಂತ ಗಟ್ಟಿಯಾಗಿ ನಿಲ್ಲುವುದು ಇದರಿಂದಲೇ. ವಜ್ರದ ಒಡವೆಗೆ 18 ಕ್ಯಾರೆಟ್ ಬಳಸುವುದರಲ್ಲಿ ಜಿಪುಣತನವೇನೂ ಇಲ್ಲ, ಅದು ಕಸುಬಿನ ವಿವೇಕ. ಬಣ್ಣವೂ ಈ ಬೆರಕೆಯಿಂದಲೇ ಬದಲಾಗುವುದು: ತಾಮ್ರ ಹೆಚ್ಚಾದರೆ ಕೆಂಪು, ಬೆಳ್ಳಿ ಹೆಚ್ಚಾದರೆ ತಿಳಿ ಹಳದಿ.

ಕ್ಯಾರೆಟ್ ಎಂದರೆ ತೂಕದ 24 ಪಾಲಿನಲ್ಲಿ ಚಿನ್ನ ಎಷ್ಟು ಪಾಲು ಎಂಬ ಲೆಕ್ಕ. ಪರಮಾಣುಗಳನ್ನು ಎಣಿಸಿದರೆ ಬೇರೆಯೇ ಚಿತ್ರ ಸಿಗುತ್ತದೆ. ಚಿನ್ನದ ಒಂದು ಪರಮಾಣು ತಾಮ್ರದ ಮೂರು ಪರಮಾಣುಗಳಷ್ಟು ಭಾರ. ಹಾಗಾಗಿ ಬರೀ ತಾಮ್ರ ಬೆರೆಸಿದ 18 ಕ್ಯಾರೆಟ್ಟಿನಲ್ಲಿ ತೂಕದ ಮುಕ್ಕಾಲು ಪಾಲು ಚಿನ್ನವಾದರೂ, ಎಣಿಕೆಯಲ್ಲಿ ಅರ್ಧದಷ್ಟು ಪರಮಾಣುಗಳು ತಾಮ್ರದವು! ಈ ಅರ್ಧ ಎಂಬ ಗಡಿ ಬಹಳ ಮುಖ್ಯ. ಚಿನ್ನದ ಪರಮಾಣುಗಳು ಅರ್ಧಕ್ಕಿಂತ ಹೆಚ್ಚಿದ್ದರೆ ಅವು ಮಿಕ್ಕವನ್ನು ಸುತ್ತುವರಿದು ಕಾಪಾಡುತ್ತವೆ. ಅಕ್ಕಸಾಲಿಗರು ಒರೆಗಲ್ಲಿನ ಮೇಲೆ ಗೆರೆ ಎಳೆದು ನೈಟ್ರಿಕ್ ಆಮ್ಲದ ಹನಿ ಬಿಡುತ್ತಾರಲ್ಲ, ಆಗ ಒಳ್ಳೆಯ ಚಿನ್ನದ ಗೆರೆ ಹಾಗೇ ಉಳಿಯುವುದು ಈ ಕಾವಲಿನಿಂದ. 2025ರ ಜುಲೈನಲ್ಲಿ ಹಾಲ್‌ಮಾರ್ಕ್ ಪಟ್ಟಿಗೆ ಸೇರಿದ 9 ಕ್ಯಾರೆಟ್ಟಿನಲ್ಲಿ ಐದಾರು ಪರಮಾಣುಗಳಿಗೆ ಒಂದು ಮಾತ್ರ ಚಿನ್ನ. ಅಲ್ಲಿ ಕಾವಲು ಸಾಲದು, ಬೆವರಿಗೆ ಅದು ಮಾಸಬಹುದು. ನಿತ್ಯ ಹಾಕಿಕೊಳ್ಳುವವರಿಗೆ ನಾನಂತೂ 18ಕ್ಕಿಂತ ಕೆಳಗಿಳಿಯಿರಿ ಎನ್ನಲಾರೆ.

ಇನ್ನು ತೂಕ. 22 ಕ್ಯಾರೆಟ್ಟಿನ 10 ಗ್ರಾಂ ಜುಮುಕಿಯನ್ನು ಅದೇ ಅಚ್ಚಿನಲ್ಲಿ, ಅದೇ ದಪ್ಪದಲ್ಲಿ ಬೆಳ್ಳಿಯಲ್ಲಿ ಮಾಡಿದರೆ ಸುಮಾರು 6 ಗ್ರಾಂ ಬರುತ್ತದೆ, ಹಿತ್ತಾಳೆಯಲ್ಲಾದರೆ 5 ಗ್ರಾಂಗೂ ಕಡಿಮೆ. ಕಿವಿಗೆ ಹಗುರ, ನಿಜ. ಆದರೆ ಆ ಹಳೆಯ ಗಂಭೀರ ತೂಗಾಟ ಇರುವುದಿಲ್ಲ. ಆದ್ದರಿಂದಲೇ ನಮ್ಮ ವಿನ್ಯಾಸಕಿ ಬೆಳ್ಳಿಯ ಜುಮುಕಿಯ ಬುಟ್ಟಿಯನ್ನು ಕೊಂಚ ದೊಡ್ಡದು ಮಾಡಿದ್ದಾರೆ, ಕೆಳಗಿನ ಗುಂಡುಗಳನ್ನು ಟೊಳ್ಳು ಬಿಡದೆ ಗಟ್ಟಿಯಾಗಿ ಇಟ್ಟಿದ್ದಾರೆ. ಲೋಹ ಹೇಳಿದ್ದನ್ನು ಕೇಳಿಸಿಕೊಂಡು ಆಕಾರ ತಿದ್ದುವುದು ನನಗೆ ಬಹಳ ಇಷ್ಟವಾಗುವ ಗುಣ.

ಬೆಸುಗೆ ಹಾಕುವವರಿಗೂ ಬೆಳ್ಳಿ ಬೇರೆಯದೇ ಪಾಠ ಕಲಿಸುತ್ತದೆ. ಲೋಹಗಳಲ್ಲೆಲ್ಲ ಶಾಖವನ್ನು ಅತಿ ಬೇಗ ಹರಿಸುವುದು ಬೆಳ್ಳಿಯೇ. ಒಂದು ಗುಂಡಿನ ಬುಡಕ್ಕೆ ಊದುಕೊಳವೆಯ ಉರಿ ಹಿಡಿದರೆ ಶಾಖ ಅಲ್ಲಿ ನಿಲ್ಲದೆ ಇಡೀ ಒಡವೆಗೆ ಹಬ್ಬಿಬಿಡುತ್ತದೆ. ಹಾಗಾಗಿ ಇಡೀ ಒಡವೆಯನ್ನೇ ಕಾಯಿಸಿಕೊಂಡು, ಬಿಳಿಗಾರ ಹಚ್ಚಿ, ಬೆಸುಗೆ ಕರಗಿ ಹರಿದ ಕ್ಷಣಕ್ಕೇ ಉರಿ ತೆಗೆಯಬೇಕು. ತಡವಾದರೆ ಗಟ್ಟಿಯಾಗಲೆಂದು ಬೆಳ್ಳಿಗೆ ಬೆರೆಸಿರುವ ತಾಮ್ರ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಮೇಲ್ಮೈ ಕೆಳಗೆ ನೇರಳೆ ಛಾಯೆಯ ಕಲೆ ಕೂರುತ್ತದೆ, ಉಜ್ಜಿದರೂ ಸುಲಭಕ್ಕೆ ಹೋಗುವುದಿಲ್ಲ. ಚಿನ್ನದ ಕೆಲಸದಲ್ಲಿ ಪಳಗಿದ ಕೈಯೂ ಬೆಳ್ಳಿಗೆ ಹೊಸದಾಗಿ ಹೊಂದಿಕೊಳ್ಳಬೇಕು.

ಬೆಳ್ಳಿ ಕಪ್ಪಾಗುವುದಕ್ಕೆ ಗಂಧಕ ಕಾರಣ. ಗಾಳಿಯಲ್ಲಿ ಅಲ್ಪಸ್ವಲ್ಪ ಇರುವ ಹೈಡ್ರೋಜನ್ ಸಲ್ಫೈಡ್ ಸಾಕು. ರಬ್ಬರ್ ಬ್ಯಾಂಡ್, ಉಣ್ಣೆ ಬಟ್ಟೆ ಜೊತೆಗಿದ್ದರೆ ಇನ್ನೂ ಬೇಗ. ಮೊದಲು ತೆಳು ಹಳದಿ, ಆಮೇಲೆ ಕಂದು, ನೀಲಿ, ಕೊನೆಗೆ ಕಪ್ಪು. ಸಲ್ಫೈಡ್ ಪದರ ದಪ್ಪವಾದಂತೆ ಬೆಳಕು ಅದರೊಳಗೆ ಆಡುವ ಆಟ ಬದಲಾಗಿ ಈ ಬಣ್ಣಗಳು ಕಾಣುತ್ತವೆ. ಪಾತ್ರೆಯ ತಳಕ್ಕೆ ಅಲ್ಯೂಮಿನಿಯಂ ಹಾಳೆ ಹಾಸಿ, ಬಿಸಿನೀರಿಗೆ ಅಡುಗೆ ಸೋಡ ಬೆರೆಸಿ, ಬೆಳ್ಳಿ ಹಾಳೆಗೆ ತಾಗುವಂತೆ ಇಟ್ಟರೆ ಗಂಧಕ ಬಿಟ್ಟುಹೋಗಿ ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ಪುಡಿ ಹಾಕಿ ಉಜ್ಜುವಾಗ ಆಗುವಂತೆ ಲೋಹ ಸವೆಯುವುದಿಲ್ಲ. ಮುತ್ತು, ಮೀನಾಕಾರಿ ಕೆಲಸ, ಬೇಕೆಂದೇ ಕಪ್ಪು ಕೂರಿಸಿದ ಬೆಳ್ಳಿ ಇವನ್ನು ಮಾತ್ರ ಈ ನೀರಿಗೆ ಹಾಕಬಾರದು.

ಬೆಳ್ಳಿಯ ಮೇಲೆ ಚಿನ್ನ ಎಂದರೆ ಮೂಗು ಮುರಿಯುವವರು ತಮ್ಮದೇ ಬೀರು ತೆರೆದು ನೋಡಬೇಕು. ಮಾನಂದವಾಡಿ ರಸ್ತೆಯಲ್ಲಿರುವ ಸರ್ಕಾರಿ ರೇಷ್ಮೆ ನಿಗಮ ಕೆಎಸ್‌ಐಸಿ ಕಾರ್ಖಾನೆಯಲ್ಲಿ ನೇಯುವ ಮೈಸೂರು ರೇಷ್ಮೆ ಸೀರೆಯ ಜರಿಯಲ್ಲಿ ಬೆಳ್ಳಿ ಶೇ 65, ಚಿನ್ನ ಶೇ 0.65. ಅದನ್ನು ಯಾರೂ ಗಿಲೀಟು ಎನ್ನುವುದಿಲ್ಲ. ಪ್ರಶ್ನೆ ಇರುವುದು ದಪ್ಪದ್ದು. ಅಗ್ಗದ ಒಡವೆಗಳ ಲೇಪ ಅರ್ಧ ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ಕೂಡ ಇಲ್ಲದಿರಬಹುದು. ಅಮೆರಿಕದಲ್ಲಿ ಚಿನ್ನ ಲೇಪಿಸಿದ ಬೆಳ್ಳಿಯನ್ನು ‘ವರ್ಮೇ’ ಎಂದು ಮಾರಬೇಕಾದರೆ ಕನಿಷ್ಠ 2.5 ಮೈಕ್ರಾನ್ ಇರಬೇಕು. ತೆಳು ಲೇಪ ಸವೆಯುವುದಷ್ಟೇ ಅಲ್ಲ, ಅಡಿಯಲ್ಲಿರುವ ಬೆಳ್ಳಿ, ತಾಮ್ರಗಳ ಪರಮಾಣುಗಳು ತಿಂಗಳುಗಟ್ಟಲೆ ನಿಧಾನವಾಗಿ ಅದರೊಳಗೆ ನುಸುಳಿ ಮೇಲೆ ಬರುತ್ತವೆ. ಹಾಗೆ ಬಂದ ಮೇಲೆ ಹೊಳಪು ಮಂಕಾಗುತ್ತದೆ.

ಈ ನುಸುಳಾಟ ತಡೆಯಲು ಅನೇಕರು ನಡುವೆ ನಿಕ್ಕಲ್ ಪದರ ಕೊಡುತ್ತಾರೆ. ಚಿನ್ನ ಸವೆದಾಗ ಬೆವರಿನಲ್ಲಿ ನಿಕ್ಕಲ್ ಕರಗಿ ಚರ್ಮಕ್ಕಿಳಿಯುತ್ತದೆ. ಒಮ್ಮೆ ಅಲರ್ಜಿ ಹುಟ್ಟಿಕೊಂಡರೆ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ, ಕಿವಿ ತುರಿಸಿ ನೀರು ಒಸರುತ್ತದೆ. ಯುರೋಪಿನಲ್ಲಿ ಕಿವಿಗೆ ಚುಚ್ಚುವ ಕಡ್ಡಿಯಿಂದ ವಾರಕ್ಕೆ ಚದರ ಸೆಂಟಿಮೀಟರಿಗೆ 0.2 ಮೈಕ್ರೋಗ್ರಾಂಗಿಂತ ಹೆಚ್ಚು ನಿಕ್ಕಲ್ ಹೊರಬರುವಂತಿಲ್ಲ. ನಮ್ಮ ವಿನ್ಯಾಸಕಿ ಹಿತ್ತಾಳೆಯ ಜುಮುಕಿಗೂ ಕಡ್ಡಿಯನ್ನು ಬೆಳ್ಳಿಯಲ್ಲೇ ಮಾಡಿಸುತ್ತಾರೆ. ಕೊಳ್ಳುವವರು ಕೇಳಬೇಕಾದದ್ದು ಇಂಥವನ್ನೇ: ಕಡ್ಡಿ ಯಾವ ಲೋಹದ್ದು, ಲೇಪ ಎಷ್ಟು ಮೈಕ್ರಾನ್, ನಡುವೆ ನಿಕ್ಕಲ್ ಇದೆಯೇ, ಸವೆದರೆ ಮತ್ತೆ ಲೇಪ ಹಾಕಿಕೊಡುತ್ತಾರೆಯೇ. ಉತ್ತರಗಳನ್ನು ಬಿಲ್ಲಿನಲ್ಲೇ ಬರೆಸಿಕೊಳ್ಳಿ.