ಅಪ್‌ಡೇಟ್ ಆದಮೇಲೆ ಲಿನಕ್ಸ್ ಏಳದಿದ್ದರೆ: ಹಳೆಯ ಕರ್ನಲ್ ಅಲ್ಲೇ ಇದೆ

ಮುಂಗಾರು ಹಿಡಿದ ಮೇಲೆ ಕೊಡಗಿನ ತೋಟದ ಕಚೇರಿಗಳಿಂದಲೂ ಶಾಲೆಗಳ ಕಂಪ್ಯೂಟರ್ ಕೋಣೆಗಳಿಂದಲೂ ಒಂದೇ ಬಗೆಯ ದೂರು ಕೇಳಿಬರುತ್ತದೆ: ‘ಸಂಜೆ ಅಪ್‌ಡೇಟ್ ಹಾಕಿದ್ದೆವು, ಮಧ್ಯೆ ಕರೆಂಟು ಹೋಯಿತು, ಬೆಳಿಗ್ಗೆ ಲಿನಕ್ಸ್ ಏಳಲೇ ಇಲ್ಲ.’ ಇದಕ್ಕೆ ಸಿಗುವ ಸಲಹೆಯೂ ಒಂದೇ, ‘ಫಾರ್ಮ್ಯಾಟ್ ಹೊಡೆದುಬಿಡಿ’. ಫಾರ್ಮ್ಯಾಟ್ ಮಾಡಿದರೆ ಯಂತ್ರ ಏಳುತ್ತದೆ, ನಿಜ. ಆದರೆ ಕಾಫಿ ತೂಕದ ಲೆಕ್ಕ, ಕೂಲಿ ಪಟ್ಟಿ, ಮಕ್ಕಳ ಅಂಕಪಟ್ಟಿ ಎಲ್ಲ ಅದರೊಂದಿಗೇ ಹೋಗುತ್ತವೆ. ಹೀಗೆ ಒಮ್ಮೆ ಕೈ ಸುಟ್ಟುಕೊಂಡವರು ‘ಅಪ್‌ಡೇಟ್ ಮಾಡಿದರೆ ಕಂಪ್ಯೂಟರ್ ಕೆಡುತ್ತದೆ’ ಎಂದು ನಂಬಿಬಿಡುತ್ತಾರೆ. ಆಮೇಲೆ ಆ ಯಂತ್ರ ವರ್ಷಗಟ್ಟಲೆ ಭದ್ರತಾ ತಿದ್ದುಪಡಿ ಇಲ್ಲದೆ ಇಂಟರ್‌ನೆಟ್‌ನಲ್ಲಿ ಓಡಾಡುತ್ತದೆ. ಈ ನಂಬಿಕೆಗೆ ಆಧಾರವಿಲ್ಲ. ನಿಮ್ಮ ಕಡತಗಳಿರುವ ಹೋಮ್ ಫೋಲ್ಡರನ್ನು ಅಪ್‌ಡೇಟ್ ಮುಟ್ಟುವುದೇ ಇಲ್ಲ. ಕೆಟ್ಟಿರುವುದು ಸಾಮಾನ್ಯವಾಗಿ ಬೂಟ್ ಫೋಲ್ಡರಿನಲ್ಲಿರುವ ಒಂದೇ ಒಂದು ಕಡತ.

ಆ ಕಡತದ ಹೆಸರು ಇನಿಟ್‌ರಾಮ್‌ಎಫ್‌ಎಸ್. ಅದು ಯಾಕೆ ಬೇಕು ಎಂಬುದರಲ್ಲಿ ಒಂದು ಸೊಗಸಾದ ತೊಡಕಿದೆ. ಕಂಪ್ಯೂಟರ್ ಹಚ್ಚಿದಾಗ ಗ್ರಬ್ ಎಂಬ ಬೂಟ್‌ಲೋಡರ್ (ವ್ಯವಸ್ಥೆಯನ್ನು ಎಬ್ಬಿಸುವ ಸಣ್ಣ ಪ್ರೋಗ್ರಾಂ) ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲನ್ನು ಮೆಮೊರಿಗೆ ತಂದು ಕೂರಿಸುತ್ತದೆ. ಇನ್ನು ಕರ್ನಲ್ ಡಿಸ್ಕನ್ನು ಓದಬೇಕು. ಓದಲು ಆ ಡಿಸ್ಕಿಗೆ ತಕ್ಕ ಡ್ರೈವರ್ ಬೇಕು. ಡ್ರೈವರ್ ಇರುವುದೋ ಅದೇ ಡಿಸ್ಕಿನಲ್ಲಿ! ಗೋದಾಮಿನ ಬೀಗದ ಕೈಯನ್ನು ಗೋದಾಮಿನೊಳಗೇ ಇಟ್ಟು ಬೀಗ ಜಡಿದ ಹಾಗೆ. ಆದ್ದರಿಂದ ಬೇಕಾದ ಡ್ರೈವರ್‌ಗಳನ್ನೂ ಕೆಲವು ಸಣ್ಣ ಪ್ರೋಗ್ರಾಂಗಳನ್ನೂ ಒಂದು ಗಂಟಾಗಿ ಕಟ್ಟಿ ಕರ್ನಲ್‌ನ ಪಕ್ಕದಲ್ಲೇ ಇಡುತ್ತಾರೆ. ಗ್ರಬ್ ಎರಡನ್ನೂ ಒಟ್ಟಿಗೆ ಮೆಮೊರಿಗೆ ತರುತ್ತದೆ. ಕರ್ನಲ್ ಆ ಗಂಟು ಬಿಚ್ಚಿ, ಡಿಸ್ಕ್ ತೆರೆದು, ನಿಜವಾದ ವ್ಯವಸ್ಥೆಗೆ ಕೆಲಸ ಒಪ್ಪಿಸುತ್ತದೆ. ಇಷ್ಟೆಲ್ಲ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ.

ಲಿನಕ್ಸ್ ಶುರುವಾದ 1991ರಲ್ಲಿ ಈ ಗಂಟು ಇರಲಿಲ್ಲ. ಮೂಲ ಡಿಸ್ಕ್ ಯಾವುದು ಎಂಬುದನ್ನು ಕರ್ನಲ್ ಕಡತದ 508 ಮತ್ತು 509ನೇ ಬೈಟುಗಳಲ್ಲೇ ಬರೆದಿಡುತ್ತಿದ್ದರು; ಅದನ್ನು ಬದಲಿಸಲೆಂದೇ ಆರ್‌ಡೆವ್ ಎಂಬ ಆಜ್ಞೆಯಿತ್ತು. ಡ್ರೈವರ್‌ಗಳೆಲ್ಲ ಕರ್ನಲ್‌ನೊಳಗೇ ಇರಬೇಕಿತ್ತು. 1.44 ಎಂಬಿ ಫ್ಲಾಪಿಯಲ್ಲಿ ಎಲ್ಲ ಕಾರ್ಡುಗಳ ಡ್ರೈವರ್ ಹಿಡಿಸುವುದೆಲ್ಲಿ? ಸ್ಲಾಕ್‌ವೇರ್‌ನಂಥ ವಿತರಣೆಗಳು (ಲಿನಕ್ಸನ್ನು ಬಳಕೆಗೆ ಸಿದ್ಧಮಾಡಿ ಕೊಡುವ ಆವೃತ್ತಿಗಳು) ಬೇರೆ ಬೇರೆ ಯಂತ್ರಾಂಶಕ್ಕೆ ಬೇರೆ ಬೇರೆ ಬೂಟ್ ಫ್ಲಾಪಿ ಕೊಡುತ್ತಿದ್ದವು. 1996ರ ಹೊತ್ತಿಗೆ ವರ್ನರ್ ಆಲ್ಮೆಸ್‌ಬರ್ಗರ್ ಮತ್ತು ಹಾನ್ಸ್ ಲೆರ್ಮೆನ್ ಇನಿಟ್‌ಆರ್‌ಡಿ ಎಂಬ, ಈ ಗಂಟಿನ ಹಳೆಯ ರೂಪದ ದಾರಿ ತೋರಿಸಿದರು. 2.6 ಸರಣಿಯ ಕರ್ನಲ್‌ಗಳಲ್ಲಿ ಅದು ಇಂದಿನ ಇನಿಟ್‌ರಾಮ್‌ಎಫ್‌ಎಸ್ ರೂಪ ತಾಳಿತು. ಇವತ್ತು ಒಂದೇ ಪೆನ್‌ಡ್ರೈವ್‌ನಿಂದ ಯಾವ ಲ್ಯಾಪ್‌ಟಾಪ್‌ಗಾದರೂ ಲಿನಕ್ಸ್ ಹಾಕಲಾಗುತ್ತಿರುವುದು ಈ ಉಪಾಯದಿಂದ.

ಈಗ ನಮ್ಮ ಸಮಸ್ಯೆಗೆ ಬರೋಣ. ಆ ಗಂಟು ತಯಾರಾಗಿ ಬರುವುದಿಲ್ಲ; ಪ್ರತಿ ಕರ್ನಲ್ ಅಪ್‌ಡೇಟ್‌ನ ಕೊನೆಯಲ್ಲಿ ನಿಮ್ಮ ಯಂತ್ರವೇ ಅದನ್ನು ಹೊಸದಾಗಿ ಕಟ್ಟುತ್ತದೆ. ಆ ಹೊತ್ತಿನಲ್ಲಿ ತೋಟದ ಸಿಲ್ವರ್ ಓಕ್ ಒಂದು ಲೈನಿನ ಮೇಲೆ ಬಿದ್ದು ಕರೆಂಟು ಹೋದರೆ ಗಂಟು ಅರೆಬರೆ. ಕರೆಂಟು ಇದ್ದರೂ ಕೆಲಸ ಕೆಡಿಸುವ ಇನ್ನೊಂದು ಕಾರಣವಿದೆ: ಬೂಟ್ ಪಾರ್ಟಿಷನ್ (ಡಿಸ್ಕಿನಲ್ಲಿ ಬೂಟ್‌ಗೆಂದು ವಿಂಗಡಿಸಿಟ್ಟ ಭಾಗ) ತುಂಬಿರುವುದು. ಒಂದೊಂದು ಗಂಟೂ ಹಲವು ಹತ್ತು ಎಂಬಿ, ಕೆಲವೊಮ್ಮೆ ನೂರು ಎಂಬಿ ದಾಟುತ್ತದೆ. ಎನ್‌ಕ್ರಿಪ್ಟ್ ಮಾಡಿದ ಡಿಸ್ಕ್‌ಗಳಲ್ಲಿ ಬೂಟ್‌ಗೆ ಪ್ರತ್ಯೇಕ ಸಣ್ಣ ಪಾರ್ಟಿಷನ್ ಇರುವುದರಿಂದ ಅಲ್ಲಿ ಈ ತೊಂದರೆ ಹೆಚ್ಚು.

ನೆಮ್ಮದಿಯ ವಿಷಯವೆಂದರೆ, ಉಬುಂಟು ಮತ್ತು ಡೆಬಿಯನ್ ವಿತರಣೆಗಳು ಹೊಸ ಕರ್ನಲ್ ಹಾಕುವಾಗ ಹಳೆಯದನ್ನು ಅಳಿಸುವುದಿಲ್ಲ. ಪ್ರತಿ ಕರ್ನಲ್‌ಗೂ ಅದರದ್ದೇ ಗಂಟು. ಫರ್ಮ್‌ವೇರ್‌ನಂಥ ಸಣ್ಣ ಅಪ್‌ಡೇಟ್‌ಗಳು ಬಂದಾಗಲೂ ತೀರಾ ಹೊಸ ಕರ್ನಲ್‌ನ ಗಂಟನ್ನಷ್ಟೇ ಮತ್ತೆ ಕಟ್ಟುತ್ತಾರೆ, ಹಳೆಯದನ್ನು ಮುಟ್ಟುವುದಿಲ್ಲ. ನಿನ್ನೆ ಬೆಳಿಗ್ಗೆ ನಡೆಯುತ್ತಿದ್ದ ವ್ಯವಸ್ಥೆ ಇವತ್ತೂ ಡಿಸ್ಕಿನಲ್ಲಿ ಹಾಗೇ ಕೂತಿರುತ್ತದೆ. ಫೆಡೋರಾ ಸಾಮಾನ್ಯವಾಗಿ ಮೂರು ಕರ್ನಲ್ ಉಳಿಸಿಕೊಳ್ಳುತ್ತದೆ. ಆರ್ಚ್ ಮಾತ್ರ ಹಳೆಯದರ ಮೇಲೆಯೇ ಹೊಸದನ್ನು ಬರೆಯುತ್ತದೆ. ಅದನ್ನು ಬಳಸುವವರು ಲಿನಕ್ಸ್-ಎಲ್‌ಟಿಎಸ್ ಎಂಬ, ದೀರ್ಘಕಾಲ ಬೆಂಬಲವಿರುವ ಕರ್ನಲನ್ನೂ ಜೊತೆಗೆ ಹಾಕಿಟ್ಟುಕೊಳ್ಳಲೇಬೇಕು.

ಹಳೆಯ ಕರ್ನಲ್‌ಗೆ ಹೋಗಲು ಗ್ರಬ್ ಮೆನು ಬೇಕು. ಹೊಸ ಬಗೆಯ, ಯುಇಎಫ್‌ಐ ಇರುವ ಯಂತ್ರದಲ್ಲಿ ತಯಾರಕರ ಲೋಗೋ ಮರೆಯಾದ ಕೂಡಲೇ ಎಸ್ಕೇಪ್ ಕೀಲಿಯನ್ನು ಒಮ್ಮೆ ಒತ್ತಿ. ಹಳೆಯ ಬಯೋಸ್ ಯಂತ್ರವಾದರೆ ಶಿಫ್ಟ್ ಹಿಡಿದುಕೊಂಡಿರಿ. ಗಾಬರಿಯಲ್ಲಿ ಎಸ್ಕೇಪನ್ನು ಪದೇ ಪದೇ ಒತ್ತಿದರೆ ಗ್ರಬ್‌ನ ಆಜ್ಞಾ ಸಾಲಿಗೆ ಬೀಳುತ್ತೀರಿ. ಅಲ್ಲಿ ‘ನಾರ್ಮಲ್’ ಎಂದು ಟೈಪಿಸಿ ಎಂಟರ್ ಕೊಟ್ಟು, ತಕ್ಷಣ ಮತ್ತೊಮ್ಮೆ ಎಸ್ಕೇಪ್ ಒತ್ತಿ. ಮೆನುವಿನಲ್ಲಿ ‘ಅಡ್ವಾನ್ಸ್‌ಡ್ ಆಪ್ಷನ್ಸ್’ ತೆರೆದರೆ ಕರ್ನಲ್‌ಗಳು ಸಾಲಾಗಿ ಕಾಣುತ್ತವೆ. ಎರಡನೆಯ ಸಂಖ್ಯೆಯದನ್ನು ಆರಿಸಿ, ರಿಕವರಿ ಎಂದಿರುವುದನ್ನಲ್ಲ. ಬಹುಪಾಲು ಯಂತ್ರಗಳು ಇಲ್ಲಿಗೇ ಎದ್ದು ಕೂರುತ್ತವೆ.

ಎದ್ದಿತೆಂದು ಅಷ್ಟಕ್ಕೇ ಬಿಡಬೇಡಿ. ನಿಂತುಹೋದ ಅಪ್‌ಡೇಟನ್ನು ಪೂರ್ತಿ ಮಾಡಬೇಕು. (ಆಜ್ಞೆಗಳು ಉಬುಂಟು, ಡೆಬಿಯನ್‌ನವು. ಇಲ್ಲಿ ಓದುವ ಹಾಗೆ ಬರೆದಿದೆ, ಟರ್ಮಿನಲ್‌ನಲ್ಲಿ ಟೈಪಿಸುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ.) ಮೊದಲು ‘ಡಿಎಫ್ -ಎಚ್ /ಬೂಟ್’ ಕೊಟ್ಟು ಜಾಗ ನೋಡಿ. ತುಂಬಿದ್ದರೆ ‘ಸುಡೊ ಆಪ್ಟ್ ಆಟೊರಿಮೂವ್ --ಪರ್ಜ್’ ಬೇಡದ ಕರ್ನಲ್‌ಗಳನ್ನು ತೆಗೆಯುತ್ತದೆ. ಬೂಟ್ ಫೋಲ್ಡರಿಗೆ ನುಗ್ಗಿ ಕೈಯಾರೆ ಅಳಿಸಬೇಡಿ, ಪ್ಯಾಕೇಜ್ ಲೆಕ್ಕ ತಪ್ಪುತ್ತದೆ. ಆಮೇಲೆ ‘ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ’, ‘ಸುಡೊ ಆಪ್ಟ್ -ಎಫ್ ಇನ್‌ಸ್ಟಾಲ್’, ‘ಸುಡೊ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು -ಕೆ ಆಲ್’, ಕೊನೆಗೆ ‘ಸುಡೊ ಅಪ್‌ಡೇಟ್-ಗ್ರಬ್’. ಇದೇ ಕ್ರಮ. ಗಂಟು ಕಟ್ಟುವ ಮೊದಲೇ ಗ್ರಬ್ ಪಟ್ಟಿ ಬರೆದರೆ ಹೊಸ ಗಂಟಿನ ಸಾಲು ಪಟ್ಟಿಯಲ್ಲಿ ಇರುವುದಿಲ್ಲ.

ಹಾಗೆ ಸಾಲು ತಪ್ಪಿದಾಗ ಬರುವುದೇ ಎಲ್ಲರನ್ನೂ ಹೆದರಿಸುವ ಆ ಸಂದೇಶ: ‘ಕರ್ನಲ್ ಪ್ಯಾನಿಕ್, ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್ ಆನ್ ಅನ್‌ನೋನ್-ಬ್ಲಾಕ್ (0,0)’. ಇದನ್ನು ನೋಡಿದವರು ಹಾರ್ಡ್‌ಡಿಸ್ಕ್ ಸತ್ತಿತು ಎಂದುಕೊಳ್ಳುತ್ತಾರೆ. ಅದು ಹೇಳುತ್ತಿರುವುದು ಇಷ್ಟೇ: ಡಿಸ್ಕ್ ತೆರೆಯುವ ಗಂಟು ನನಗೆ ಸಿಗಲಿಲ್ಲ.

ಆವರಣ ಚಿಹ್ನೆಯೊಳಗೆ ಇನಿಟ್‌ರಾಮ್‌ಎಫ್‌ಎಸ್ ಎಂಬ ಹೆಸರು ಬಂದು ಕರ್ಸರ್ ಮಿನುಗುತ್ತಿದ್ದರೆ ಗಂಟು ಸಿಕ್ಕಿದೆ, ಮೂಲ ಪಾರ್ಟಿಷನ್ ತೆರೆಯಲಾಗಿಲ್ಲ ಎಂದರ್ಥ. ‘ಎಕ್ಸಿಟ್’ ಎಂದು ಕೊಟ್ಟರೆ ಯಾವ ಪಾರ್ಟಿಷನ್ ತಕರಾರು ಮಾಡುತ್ತಿದೆ ಎಂದು ಅನೇಕ ಸಲ ಅದೇ ಹೇಳುತ್ತದೆ. ಆ ಹೆಸರಿಗೆ, ಉದಾಹರಣೆಗೆ ‘ಎಫ್‌ಎಸ್‌ಸಿಕೆ -ವೈ /ಡೆವ್/ಎಸ್‌ಡಿಎ2’. ಕರೆಂಟು ಹಠಾತ್ತನೆ ಹೋದ ಯಂತ್ರಕ್ಕೆ ಇದು ಮೊದಲ ಮದ್ದು. ‘ಬಿಎಲ್‌ಕೆಐಡಿ’ ಕೊಟ್ಟಾಗ ಡಿಸ್ಕ್ ಹೆಸರೇ ಬರದಿದ್ದರೆ ಮಾತ್ರ ಪೆಟ್ಟಿಗೆ ಬಿಚ್ಚಿ ಕೇಬಲ್ ತೆಗೆದು ಹಾಕಿ ನೋಡಿ. ಬರೀ ಕಪ್ಪು ತೆರೆಯಾದರೆ ಎನ್‌ವಿಡಿಯಾ ಡ್ರೈವರ್ ಮೇಲೆ ಅನುಮಾನ: ಮೆನುವಿನಲ್ಲಿ ‘ಇ’ ಒತ್ತಿ, ಲಿನಕ್ಸ್ ಎಂದು ಶುರುವಾಗುವ ಸಾಲಿನ ಕೊನೆಗೆ ‘ನೋಮೋಡ್‌ಸೆಟ್’ ಸೇರಿಸಿ, ಎಫ್10 ಒತ್ತಿ. ಎಮರ್ಜೆನ್ಸಿ ಮೋಡ್‌ಗೆ ಬಿದ್ದರೆ ತೆರೆಯಬೇಕಾದ ಡಿಸ್ಕ್‌ಗಳ ಪಟ್ಟಿಯಿರುವ ಎಫ್‌ಎಸ್‌ಟ್ಯಾಬ್ ಕಡತ ನೋಡಿ, ಕಿತ್ತಿಟ್ಟ ಹೊರಗಿನ ಡಿಸ್ಕ್ ಒಂದರ ಸಾಲು ಅಲ್ಲಿ ಉಳಿದಿರಬಹುದು.

ಹಳೆಯ ಕರ್ನಲ್ಲೂ ಏಳದಿದ್ದರೆ ಲೈವ್ ಪೆನ್‌ಡ್ರೈವ್‌ನಿಂದ (ಡಿಸ್ಕಿಗೆ ಹಾಕದೆಯೇ ಲಿನಕ್ಸ್ ನಡೆಸುವಂಥದ್ದು) ಬೂಟ್ ಮಾಡಿ. ಮೊದಲು ಕಡತಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿಕೊಳ್ಳಿ; ಫಾರ್ಮ್ಯಾಟ್ ಸಲಹೆ ಕೊಡುವವರು ಈ ಒಂದು ಕೆಲಸ ಮಾಡಿದ್ದರೂ ಎಷ್ಟೋ ಲೆಕ್ಕ ಉಳಿಯುತ್ತಿತ್ತು. ನಂತರ ಮೂಲ ಪಾರ್ಟಿಷನ್ನನ್ನು /ಎಂಎನ್‌ಟಿಗೆ ಮೌಂಟ್ ಮಾಡಿ, ಅಂದರೆ ಅಲ್ಲಿ ತೆರೆದುಕೊಳ್ಳುವಂತೆ ಜೋಡಿಸಿ. ಬೂಟ್ ಮತ್ತು ಇಎಫ್‌ಐ ಪಾರ್ಟಿಷನ್‌ಗಳು ಬೇರೆ ಇದ್ದರೆ ಅವುಗಳ ಜಾಗಕ್ಕೆ ಅವನ್ನೂ ಕೂರಿಸಿ. ಡೆವ್, ಪ್ರಾಕ್, ಸಿಸ್, ರನ್ ನಾಲ್ಕನ್ನೂ ‘ಮೌಂಟ್ --ಆರ್‌ಬೈಂಡ್’ ಮಾಡಿ ‘ಸಿಎಚ್‌ರೂಟ್ /ಎಂಎನ್‌ಟಿ’ ಕೊಟ್ಟರೆ ನಿಮ್ಮದೇ ವ್ಯವಸ್ಥೆಯೊಳಗೆ ಇರುತ್ತೀರಿ. ಮೇಲಿನ ಆಜ್ಞೆಗಳೆಲ್ಲ ಅಲ್ಲಿ ಸುಡೊ ಇಲ್ಲದೆ ನಡೆಯುತ್ತವೆ.

ಮಳೆಗಾಲಕ್ಕೆ ಒಂದು ಅಭ್ಯಾಸ ರೂಢಿಸಿಕೊಳ್ಳಿ: ಅಪ್‌ಡೇಟನ್ನು ಎರಡು ಪಾಲು ಮಾಡಿ. ‘ಸುಡೊ ಆಪ್ಟ್ ಅಪ್‌ಗ್ರೇಡ್ -ಡಿ’ ಕೊಟ್ಟರೆ ಪ್ಯಾಕೇಜುಗಳು ಇಳಿಯುತ್ತವೆ, ಅಷ್ಟೇ. ನಡುವೆ ಕರೆಂಟು ಅಥವಾ ನೆಟ್‌ವರ್ಕ್ ಹೋದರೂ ನಷ್ಟವಿಲ್ಲ, ಮತ್ತೆ ಕೊಟ್ಟರೆ ಉಳಿದದ್ದು ಇಳಿಯುತ್ತದೆ. ನಿಜವಾದ ಅಪಾಯ ಅವುಗಳನ್ನು ಹಾಕುವ ಹೊತ್ತಿನದು. ಅದನ್ನು ಯುಪಿಎಸ್ ತುಂಬಿರುವಾಗ, ಲ್ಯಾಪ್‌ಟಾಪ್ ಆದರೆ ಬ್ಯಾಟರಿ ಅರ್ಧಕ್ಕಿಂತ ಹೆಚ್ಚಿರುವಾಗ, ಎದುರಿಗೆ ಕೂತು ‘-ಡಿ’ ಇಲ್ಲದ ಅದೇ ಆಜ್ಞೆಯಿಂದ ಮುಗಿಸಿ. ಯಂತ್ರ ಆರುವಾಗ ತಡಮಾಡಿತೆಂದು ಪವರ್ ಗುಂಡಿಯನ್ನು ಒತ್ತಿ ಹಿಡಿಯಬೇಡಿ. ಹಿನ್ನೆಲೆಯಲ್ಲಿ ತಾನಾಗಿ ನಡೆಯುವ ಅಪ್‌ಡೇಟ್ ಆಗ ಗಂಟು ಕಟ್ಟುತ್ತಿರಬಹುದು.