ಸೀಸೆಯ ವಾಸನೆ ದಾಟಿಸುವುದು ಐದು ನಿಮಿಷವನ್ನು ಮಾತ್ರ

ಬೀಡಿ, ಸಿಗರೇಟು ಬಿಡಬೇಕೆಂದು ಹುಬ್ಬಳ್ಳಿಯ ನನ್ನ ಚಿಕಿತ್ಸಾಲಯಕ್ಕೆ ಬರುವವರಲ್ಲಿ ಹಲವರ ಜೇಬಿನಲ್ಲಿ ಈಚೆಗೆ, ಸೇದುವ ಬಯಕೆ ಎದ್ದಾಗ ಮೂಸಲೆಂದು, ಕರಿಮೆಣಸು, ಲವಂಗ ಅಥವಾ ಪುದೀನದ ಸಾರತೈಲದ ಪುಟ್ಟ ಸೀಸೆ ಇರುತ್ತದೆ. ಅದನ್ನು ಕಂಡು ನಾನು ಗದರುವುದಿಲ್ಲ. ಚಟ ಬಿಡುವ ಮನಸ್ಸು ಹುಟ್ಟಿದೆ ಎಂಬುದಕ್ಕೆ ಅದು ಗುರುತು. ಬೇಸರವಾಗುವುದು ಅದರ ಹಿಂದೆಯೇ ಬರುವ ಮಾತಿನಿಂದ: "ಎಣ್ಣಿ ಚಾಲೂ ಮಾಡೇನ್ರಿ ಡಾಕ್ಟರ, ಇನ್ನ ಬೀಡಿ ತಾನ ಬಿಡತೈತಿ."

ಬೀಡಿ ತಾನಾಗಿ ಬಿಡುವುದಿಲ್ಲ. ಹೊಗೆ ಎಳೆದ ಹತ್ತಿಪ್ಪತ್ತು ಸೆಕೆಂಡುಗಳಲ್ಲಿ, ತಂಬಾಕಿನಲ್ಲಿ ಚಟ ಹಿಡಿಸುವ ನಿಕೋಟಿನ್ ಮಿದುಳನ್ನು ಮುಟ್ಟುತ್ತದೆ, ಸುಮಾರು 2 ಗಂಟೆಗಳಲ್ಲಿ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯುತ್ತದೆ, ಆಗ ಮತ್ತೆ ತಲಬು ಏಳುತ್ತದೆ. ಒಂದೊಂದು ತಲಬಿನ ಕಾವು ಸಾಮಾನ್ಯವಾಗಿ ಕೆಲವೇ ನಿಮಿಷಗಳದ್ದು. ಆದರೆ ಸೇದುವುದನ್ನು ಪೂರ್ತಿ ನಿಲ್ಲಿಸಿದವರಿಗೆ ಸಿಡುಕು, ನಿದ್ರೆಗೇಡು, ಚಡಪಡಿಕೆ ಮೊದಲ ಎರಡು-ಮೂರು ದಿನ ತೀವ್ರವಾಗಿದ್ದು, ಎರಡರಿಂದ ನಾಲ್ಕು ವಾರಗಳವರೆಗೂ ಉಳಿಯಬಹುದು. ಎಣ್ಣೆಯಲ್ಲಿ ನಿಕೋಟಿನ್ ಇಲ್ಲ. ಅದರ ಘಾಟು ಕೆಲವರಿಗೆ ಆ ಕೆಲವು ನಿಮಿಷಗಳನ್ನು ದಾಟಿಸೀತು, ಆ ವಾರಗಳನ್ನು ದಾಟಿಸಲಾರದು.

ಕರಿಮೆಣಸಿನ ಎಣ್ಣೆಗೆ ಆಧಾರವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಅಮೆರಿಕದಲ್ಲಿ ರೋಸ್ ಮತ್ತು ಬೆಮ್ ಎಂಬ ಸಂಶೋಧಕರು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರಾತ್ರಿಯಿಡೀ ಸೇದದೆ ಬಂದ 48 ಜನರಲ್ಲಿ ಕೆಲವರಿಗೆ ಮೆಣಸಿನೆಣ್ಣೆಯ ಆವಿ, ಕೆಲವರಿಗೆ ಪುದೀನ, ಉಳಿದವರಿಗೆ ಖಾಲಿ ಕೊಳವೆ ಕೊಟ್ಟಾಗ, ಮೆಣಸಿನ ಗುಂಪಿನವರಿಗೆ ಸೇದುವ ಬಯಕೆ ಕಡಿಮೆಯೆನಿಸಿತ್ತು. ಹೊಗೆ ಗಂಟಲಲ್ಲಿ, ಎದೆಯಲ್ಲಿ ಎಬ್ಬಿಸುವಂಥ ಉರಿಯನ್ನೇ ಮೆಣಸೂ ಎಬ್ಬಿಸುವುದು ಇದಕ್ಕೆ ಕಾರಣವಿರಬಹುದು. ಆದರೆ ಆ ಪ್ರಯೋಗ ನಡೆದದ್ದು 3 ಗಂಟೆಗಳ ಕಾಲ. ತಿಂಗಳ ನಂತರ ಯಾರು ಬಿಟ್ಟಿದ್ದರು ಎಂಬುದು ಅದರ ಪ್ರಶ್ನೆಯೇ ಆಗಿರಲಿಲ್ಲ.

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲಿ ಮಾಡುವ ಹಿರಿಯರೊಬ್ಬರಿಗೆ ಮಗ ಬೆಂಗಳೂರಿನಿಂದ ಇಂಥ ಸೀಸೆ ತಂದುಕೊಟ್ಟಿದ್ದ. ದಿನಕ್ಕೆ ಎರಡು ಕಟ್ಟು ಬೀಡಿ ಒಂದೂವರೆಗೆ ಇಳಿದಿತ್ತು. "ಬಿಟ್ಟಂಗ ಆತಲ್ರಿ?" ಎಂದು ಅವರು ಸಂತೋಷದಿಂದ ಕೇಳಿದಾಗ ಇಲ್ಲವೆನ್ನಲು ನನಗೆ ಕಷ್ಟವಾಯಿತು. ಎಣಿಕೆ ಇಳಿಸಿದವರು ಪ್ರತಿ ಬೀಡಿಯನ್ನೂ ಹೆಚ್ಚು ಆಳವಾಗಿ ಎಳೆದು ಕೊರತೆ ತುಂಬಿಕೊಳ್ಳುವುದುಂಟು. ಎದ್ದ ತಕ್ಷಣ, ಮುಖ ತೊಳೆಯುವ ಮೊದಲೇ ಬೀಡಿ ಹಚ್ಚುತ್ತಿದ್ದ ಅವರಿಗೆ ಪೇಟೆಯ ರಜೆಯ ದಿನವೊಂದನ್ನು ಪೂರ್ತಿ ಬಿಡುವ ದಿನವೆಂದು ಗೊತ್ತುಮಾಡಿ, ಹೊಗೆಯಿಲ್ಲದೆ ಸ್ವಲ್ಪ ಸ್ವಲ್ಪ ನಿಕೋಟಿನ್ ಕೊಟ್ಟು ತಲಬು ತಗ್ಗಿಸುವ 4 ಮಿಲಿಗ್ರಾಂ ನಿಕೋಟಿನ್ ಗಮ್ ಬರೆದುಕೊಟ್ಟೆ. ಅವರು ಅದನ್ನು ಎಲೆ-ಅಡಿಕೆಯಂತೆ ಜಗಿದು, ಬಿಕ್ಕಳಿಕೆ, ಹೊಟ್ಟೆಯುರಿ ಎಂದು ಮರುವಾರವೇ ಬಂದರು. ನಾಲ್ಕಾರು ಸಲ ಜಗಿದು, ಚುರುಗುಟ್ಟಿದೊಡನೆ ದವಡೆಯ ಸಂದಿಯಲ್ಲಿ ಇಟ್ಟುಕೊಳ್ಳಬೇಕು, ಚಹಾ ಕುಡಿದ ಹದಿನೈದು ನಿಮಿಷ ಅದನ್ನು ಬಾಯಿಗೆ ಹಾಕಬಾರದು ಎಂದು ಮತ್ತೊಮ್ಮೆ ತೋರಿಸಿಕೊಟ್ಟೆ. ಸೀಸೆಯನ್ನು ಕಸಿದುಕೊಳ್ಳಲಿಲ್ಲ, ಚಹಾದಂಗಡಿಯಲ್ಲಿ ಗೆಳೆಯರು ಕಡ್ಡಿ ಗೀರಿದಾಗ ಅದು ಕೈಯಲ್ಲಿರಲಿ ಎಂದೆ. ಮೂರು ತಿಂಗಳಲ್ಲಿ ಅವರು ಎರಡು ಸಲ ಜಾರಿದರೂ ನಾವಿಬ್ಬರೂ ಪ್ರಯತ್ನ ಕೈಬಿಡಲಿಲ್ಲ.

ಎಣ್ಣೆ ಬಳಸುವವರು ಅದನ್ನು ಕರವಸ್ತ್ರಕ್ಕೆ ಒಂದು ಹನಿ ಹಾಕಿ ಮೂಸಿದರೆ ಸಾಕು. ಕುಡಿಯಬಾರದು, ಬೀಡಿಗೆ ಸವರಿ ಸೇದಬಾರದು, ದಮ್ಮು (ಉಬ್ಬಸ) ಇರುವವರು ವೈದ್ಯರನ್ನು ಕೇಳದೆ ಮೂಸಲೂಬಾರದು. ನೀಲಗಿರಿ ಎಣ್ಣೆ, ಕರ್ಪೂರ ಸ್ವಲ್ಪವೇ ಹೊಟ್ಟೆಗೆ ಹೋದರೂ ಮಕ್ಕಳಿಗೆ ಫಿಟ್ಸ್ ಬರಬಹುದಾದ್ದರಿಂದ ಸೀಸೆ ಅವರ ಕೈಗೆ ಎಟುಕದ ಕಡೆ ಇರಲಿ.

ವೈದ್ಯರ ಬಳಿ ಹೋಗಲು ಸಂಕೋಚವಿರುವವರು ತಂಬಾಕು ತ್ಯಜಿಸಲು ನೆರವಾಗುವ ರಾಷ್ಟ್ರೀಯ ಉಚಿತ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಬಹುದು. ದಿನಕ್ಕೆಷ್ಟು ಸೇದುತ್ತೀರಿ ಎಂಬುದರ ಜೊತೆಗೆ, ಎದ್ದ ಎಷ್ಟು ನಿಮಿಷಕ್ಕೆ ಮೊದಲನೆಯದನ್ನು ಹಚ್ಚುತ್ತೀರಿ ಎಂಬುದನ್ನೂ ತಪ್ಪದೆ ಹೇಳಿ. ಚಟದ ಬಿಗಿ ಎಷ್ಟೆಂದು ಅದರಿಂದ ತಿಳಿಯುತ್ತದೆ, ನಾನು ಮೊದಲು ಕೇಳುವುದೂ ಅದನ್ನೇ.