ಕಪ್ ಬಾರದ ವರ್ಷಗಳ ಲೆಕ್ಕ

ಸೀಸನ್ ಮುಗಿದ ಮೇಲೆ ಮಂಗಳೂರಿನ ಕ್ಲಬ್, ಕಾಲೇಜುಗಳ ಸಮಿತಿಯವರು ನನ್ನಂಥ ಫುಟ್‌ಬಾಲ್ ಕೋಚ್‌ಗಳನ್ನು ಕರೆದು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ನಮ್ಮ ಮಾಸ್ಟ್ರಿಗೆ ವಯಸ್ಸಾಯಿತು. ಕಪ್ ಬಾರದೆ ಎಷ್ಟೋ ಕಾಲವಾಯಿತು. ಅವರನ್ನು ಇಟ್ಟುಕೊಳ್ಳುವುದಾ, ಬದಲಾಯಿಸುವುದಾ?" ಆಗ ನಾನು ಆರ್ಸೆನ್ ವೆಂಗರ್ ಕಥೆ ಹೇಳುತ್ತೇನೆ. ಹಳಬರನ್ನು ಅಳೆಯುವಾಗ ನಾವು ಎಲ್ಲಿ ಎಡವುತ್ತೇವೆ ಎಂದು ತೋರಿಸಲು ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ವೆಂಗರ್ 1996ರಿಂದ 2018ರವರೆಗೆ ಲಂಡನ್ನಿನ ಆರ್ಸೆನಲ್ ಕ್ಲಬ್‌ನ ಕೋಚ್ ಆಗಿದ್ದರು. 2003-04ರ ಇಂಗ್ಲೆಂಡ್ ಲೀಗ್‌ನಲ್ಲಿ ಅವರ ತಂಡ 38 ಪಂದ್ಯ ಆಡಿ 26 ಗೆದ್ದು, 12 ಡ್ರಾ ಮಾಡಿಕೊಂಡಿತು. ಸೋಲು ಒಂದೂ ಇಲ್ಲ. 2005ರಲ್ಲಿ ಎಫ್‌ಎ ಕಪ್, ಅಂದರೆ ಇಂಗ್ಲೆಂಡ್‌ನ ನಾಕೌಟ್ ಕಪ್, ಬಂತು. ಆಮೇಲೆ 2014ರವರೆಗೆ ದೊಡ್ಡ ಕಪ್ಪೇ ಇಲ್ಲ. "ಮುದುಕ ಮುಗಿದ" ಎಂದು ಜನ ಆಡಿಕೊಂಡರು.

ಆ ವರ್ಷಗಳಲ್ಲಿ ನಿಜವಾಗಿ ಏನಾಯಿತು ನೋಡಿ. 2006ರಲ್ಲಿ ಕ್ಲಬ್ ಹೊಸ ಸ್ಟೇಡಿಯಂಗೆ ಹೋಯಿತು. ತಲೆ ಮೇಲೆ ದೊಡ್ಡ ಸಾಲ. ಅದೇ ಹೊತ್ತಿಗೆ ಚೆಲ್ಸಿಗೆ, ನಂತರ ಮ್ಯಾಂಚೆಸ್ಟರ್ ಸಿಟಿಗೆ, ಹೊಸ ಮಾಲೀಕರ ಹಣ ಹರಿದು ಬಂತು. ಆರ್ಸೆನಲ್ ತನ್ನ ಮುಖ್ಯ ಆಟಗಾರರನ್ನೇ, 2007ರಲ್ಲಿ ಆನ್ರಿಯನ್ನು, 2011ರಲ್ಲಿ ಫಾಬ್ರೆಗಾಸ್‌ನನ್ನು, 2012ರಲ್ಲಿ ವಾನ್ ಪರ್ಸಿಯನ್ನು ಮಾರಿತು. ವಾನ್ ಪರ್ಸಿಯಂತೂ ಹೋಗಿದ್ದು ಎದುರಾಳಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ! ಇಷ್ಟಾದರೂ ತಂಡ ಪ್ರತಿ ವರ್ಷ ಲೀಗ್‌ನಲ್ಲಿ ಮೂರನೆಯದೋ ನಾಲ್ಕನೆಯದೋ ಆಗಿ ಯುರೋಪಿನ ದೊಡ್ಡ ಕ್ಲಬ್‌ಗಳ ಟೂರ್ನಿ ಚಾಂಪಿಯನ್ಸ್ ಲೀಗ್‌ಗೆ ಹೋಯಿತು. ನನ್ನ ಪ್ರಕಾರ ವೆಂಗರ್ ಮಾಡಿದ ಅತಿ ದೊಡ್ಡ ಕೆಲಸಗಳಲ್ಲಿ ಇದೂ ಒಂದು. ಕಪಾಟಿನಲ್ಲಿ ಅದಕ್ಕೆ ಸಾಕ್ಷಿ ಸಿಗುವುದಿಲ್ಲ, ಅಷ್ಟೆ.

ಉಳಿದರ್ಧ ಕಥೆ ಇನ್ನೂ ಮುಖ್ಯ. 2014, 2015, 2017ರಲ್ಲಿ ಮತ್ತೆ ಎಫ್‌ಎ ಕಪ್ ಬಂತು. ಮುದುಕ ಮತ್ತೆ ಗೆದ್ದ ಎಂದರು. ಆದರೆ ಆಗ ಕೈಯಲ್ಲಿ ದುಡ್ಡಿತ್ತು. ಓಜಿಲ್, ಸಾಂಚೆಜ್‌ರಂಥ ದುಬಾರಿ ಆಟಗಾರರು ಬಂದಿದ್ದರು. 2015-16ರಲ್ಲಿ ಲೀಗ್ ಗೆದ್ದಿದ್ದು ತುಂಬಾ ಕಡಿಮೆ ಖರ್ಚಿನ ಲೆಸ್ಟರ್, 81 ಅಂಕ. ಆರ್ಸೆನಲ್‌ಗೆ 71. 2017ರಲ್ಲಿ ಚಾಂಪಿಯನ್ಸ್ ಲೀಗ್‌ನಲ್ಲಿ ಬಯರ್ನ್ ಮ್ಯೂನಿಕ್ ಎದುರು ಎರಡು ಸಲ 5-1ರ ಸೋಲು. ಆ ಸೀಸನ್‌ನಲ್ಲಿ ಐದನೇ ಸ್ಥಾನ, ಮರುವರ್ಷ ಆರನೆಯದು. ದೊಡ್ಡ ತಂಡಕ್ಕೆ ಎಫ್‌ಎ ಕಪ್ ಎಂದರೆ ಆರು ಸುತ್ತು, ಲೀಗ್ ಎಂದರೆ 38 ಪಂದ್ಯ. ತಂಡ ಇಳಿಯುತ್ತಿದ್ದುದನ್ನು ಆ ಕಪ್‌ಗಳು ಮರೆಮಾಡಿದವು.

ಫುಟ್‌ಬಾಲ್‌ನಲ್ಲಿ ಗೋಲು ಬೀಳುವುದೇ ಕಡಿಮೆ. ಪಂದ್ಯಕ್ಕೆ ಎರಡೋ ಮೂರೋ. ಹಾಗಾಗಿ ಒಂದು ಪೆನಾಲ್ಟಿ, ಒಂದು ಜಾರಿಕೆ ಇಡೀ ವರ್ಷದ ಕೆಲಸವನ್ನು ತಲೆಕೆಳಗು ಮಾಡಿಬಿಡುತ್ತದೆ. 2019ರ ಏಷ್ಯನ್ ಕಪ್ ನೆನಪಿದೆ ಅಲ್ವಾ? ಸ್ಟೀಫನ್ ಕಾನ್‌ಸ್ಟಂಟೈನ್ ಅವರ ಭಾರತ ತಂಡ ಥಾಯ್ಲೆಂಡ್‌ನ್ನು 4-1ರಿಂದ ಸೋಲಿಸಿತು. ಕೊನೆಯ ಪಂದ್ಯದಲ್ಲಿ ಬಹ್ರೇನ್ ಜೊತೆ ಡ್ರಾ ಆಗಿದ್ದರೂ ಮುಂದಿನ ಸುತ್ತು ಸಿಗುತ್ತಿತ್ತು. 90 ನಿಮಿಷ ಮುಗಿದ ಮೇಲಿನ ಇಂಜುರಿ ಟೈಮ್‌ನಲ್ಲಿ ಎದುರಾಳಿಗೆ ಪೆನಾಲ್ಟಿ ಸಿಕ್ಕಿತು, 0-1. ಕೋಚ್ ಅಂದೇ ರಾಜೀನಾಮೆ ಕೊಟ್ಟರು. 2015ರಲ್ಲಿ ಫಿಫಾ ಪಟ್ಟಿಯಲ್ಲಿ 170ರ ಆಚೆ ಇದ್ದ ತಂಡವನ್ನು 2017ರಲ್ಲಿ ಅವರು 96ನೇ ರ್‍ಯಾಂಕ್‌ಗೆ ತಂದಿದ್ದರು. ಅವರ ತಂಡ ಉದ್ದ ಪಾಸನ್ನೇ ಜಾಸ್ತಿ ನಂಬಿತ್ತು ಎಂಬ ಟೀಕೆ ನನಗೂ ಒಪ್ಪಿಗೆ. ಅದು ಆಟ ನೋಡಿ ಮಾಡುವ ಟೀಕೆ. ಆ ಪೆನಾಲ್ಟಿಯನ್ನು ಹಿಡಿದುಕೊಂಡು ನಾಲ್ಕು ವರ್ಷದ ತೀರ್ಪು ಕೊಡುವುದು ಸರಿಯಲ್ಲ.

ಇಂಥದ್ದೇ ಇನ್ನೊಂದು ಮೋಸವಿದೆ. ಸಾಲು ಸೋಲಿನ ನಂತರ ಕೋಚ್ ಬದಲಾಗುತ್ತಾರೆ, ತಂಡ ಗೆಲ್ಲತೊಡಗುತ್ತದೆ. ಹೆಸರು ಹೊಸಬರಿಗೆ. ಎಷ್ಟೋ ಸಲ ಅದು ಸುಮ್ನೆ ಕೆಟ್ಟ ಕಾಲ ಮುಗಿದದ್ದು. ಹಳಬರೇ ಇದ್ದಿದ್ದರೂ ಗೆಲುವು ಬರುತ್ತಿತ್ತು.

ವಯಸ್ಸಿನ ವಿಷಯಕ್ಕೆ ಬರೋಣ. ಇಟಲಿಯ ಕೋಚ್ ಕಾರ್ಲೋ ಆಂಚೆಲೊಟ್ಟಿ 2020-21ರಲ್ಲಿ ಇಂಗ್ಲೆಂಡ್‌ನ ಎವರ್ಟನ್‌ನ್ನು ಹತ್ತನೇ ಸ್ಥಾನದಲ್ಲಿ ಬಿಟ್ಟು ಹೊರಟರು. ಆಗ ಅವರಿಗೆ 60 ದಾಟಿತ್ತು. ಮುಂದೆ ರಿಯಲ್ ಮ್ಯಾಡ್ರಿಡ್‌ಗೆ 2022 ಮತ್ತು 2024ರಲ್ಲಿ ಚಾಂಪಿಯನ್ಸ್ ಲೀಗ್ ಗೆದ್ದುಕೊಟ್ಟರು. ಮನುಷ್ಯ ಅವರೇ, ಆಟಗಾರರು ಬೇರೆ. ಮ್ಯಾಂಚೆಸ್ಟರ್ ಯುನೈಟೆಡ್‌ನ ಅಲೆಕ್ಸ್ ಫರ್ಗ್ಯುಸನ್ 2013ರಲ್ಲಿ ಕೊನೆಯ ಲೀಗ್ ಗೆದ್ದಾಗ ಅವರ ವಯಸ್ಸು 71.

ಫರ್ಗ್ಯುಸನ್ ಪಕ್ಕದಲ್ಲಿ ಯಾರಿದ್ದರು ಎಂಬುದನ್ನು ನಾನು ಸದಾ ಗಮನಿಸುತ್ತೇನೆ. ಕಿಡ್, ಮೆಕ್‌ಲಾರೆನ್, ಕೈರೋಜ್. ಸಹಾಯಕರು ಬದಲಾದಂತೆ ತರಬೇತಿಗೆ ಹೊಸ ಕಣ್ಣು ಬರುತ್ತಿತ್ತು. ವೆಂಗರ್ ಜೊತೆ 1996ರಿಂದ 2012ರವರೆಗೂ ಪ್ಯಾಟ್ ರೈಸ್ ಅವರೇ ಮುಖ್ಯ ಸಹಾಯಕ. ಇಳಿಕೆಗೆ ಇದೊಂದೇ ಕಾರಣ ಎನ್ನಲಾರೆ. ಆದರೆ ಹಿರಿಯ ಕೋಚ್‌ಗೆ "ಸರ್, ಇದು ಈಗ ನಡೆಯಲ್ಲ" ಎನ್ನುವವರು ಪಕ್ಕದಲ್ಲಿ ಬೇಕೇ ಬೇಕು. ಅಂಥವರು ಇದ್ದಾರಾ ಎಂದು ನಮ್ಮ ಸಮಿತಿಗಳು ಕೇಳುವುದೇ ಇಲ್ಲ.

ನಮ್ಮೂರಿನ ಲೆಕ್ಕವೂ ಇದೇ. ಕಡಲ ದಂಡೆಯ ಕಸ್ಬಾ ಬೆಂಗ್ರೆಯ ಮಕ್ಕಳು ಚಿಕ್ಕಂದಿನಿಂದ ಮರಳಿನಲ್ಲಿ ಚೆಂಡಿನ ಜೊತೆಗೇ ಬೆಳೆಯುತ್ತಾರೆ. ಅವರು ಸಿಕ್ಕ ಕೋಚ್‌ಗೆ ಅರ್ಧ ಕೆಲಸ ಮೊದಲೇ ಆಗಿರುತ್ತದೆ. ಜೂನ್‌ನಲ್ಲಿ ಹಾಸ್ಟೆಲ್‌ಗೆ ಬಂದ ಹುಡುಗರನ್ನು ಒಟ್ಟುಹಾಕಿ, ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಕೆಸರಾದ ನೆಹರು ಮೈದಾನದಲ್ಲಿ ಆಡಿಸಿ, ಪರೀಕ್ಷೆ ಬಂದಾಗ ಅರ್ಧ ತಂಡವನ್ನೇ ಬಿಟ್ಟುಕೊಡುವ ಕೋಚ್‌ನ ಪಾಡು ಬೇರೆ. ಗೋಲಿನ ಮುಂದೆ ನಿಂತು ತಡೆಯುವ ಒಳ್ಳೆಯ ಸೆಂಟರ್ ಬ್ಯಾಕ್ ಒಬ್ಬ ತಯಾರಾದ ಎನ್ನುವಾಗ ಗಲ್ಫ್‌ಗೆ ಹೋಗಿರುತ್ತಾನೆ. ಇಬ್ಬರೂ ಸೆಮಿಫೈನಲ್‌ನಲ್ಲಿ ಸೋತರೆ ಇಬ್ಬರದೂ ಒಂದೇ ಮಾರ್ಕೇ?

ಹಾಗಾಗಿ ಯಾರನ್ನಾದರೂ ನೋಡಿ ಅಭಿಪ್ರಾಯ ಹೇಳಿ ಎಂದರೆ ನಾನು ಮೊದಲು ಪ್ರಾಕ್ಟೀಸ್‌ಗೆ ಹೋಗುತ್ತೇನೆ. ಹುಡುಗರು ಸಾಲಿನಲ್ಲಿ ಸುಮ್ಮನೆ ನಿಂತಿರುವ ಹೊತ್ತು ಎಷ್ಟು? ಚೆಂಡು ಬರುವ ಮೊದಲೇ ತಲೆ ತಿರುಗಿಸಿ ಹಿಂದೆ ಮುಂದೆ ನೋಡುವ ಅಭ್ಯಾಸ ಅವರಿಗೆ ಬಂದಿದೆಯೇ? ತಪ್ಪಾದಾಗ ಮಾಸ್ಟ್ರು ಬೈಯುತ್ತಾರಾ, ನಿಲ್ಲಿಸಿ ತೋರಿಸುತ್ತಾರಾ? ಪಂದ್ಯದಲ್ಲಿ ಕಾರ್ನರ್‌ನಿಂದ ಒಂದೇ ರೀತಿಯ ಗೋಲು ಮತ್ತೆ ಮತ್ತೆ ಬೀಳುತ್ತಿದ್ದರೆ ಅದು ಕೋಚ್ ಲೆಕ್ಕಕ್ಕೇ ಹೋಗಬೇಕು, ಏಕೆಂದರೆ ಅದನ್ನು ಪ್ರಾಕ್ಟೀಸ್‌ನಲ್ಲಿ ತಿದ್ದಬಹುದು. ಎಲ್ಲಕ್ಕಿಂತ ದೊಡ್ಡ ಪುರಾವೆ ಒಬ್ಬ ಸಾಧಾರಣ ಹುಡುಗ. ಎರಡು ವರ್ಷದ ಹಿಂದೆ ಎಡಗಾಲಲ್ಲಿ ಚೆಂಡು ಮುಟ್ಟದವನು ಈಗ ಮುಟ್ಟುತ್ತಾನೆಯೇ? ಅದನ್ನು ಕಲಿಸಿದ ಕೈ ಕಾಣುತ್ತದೆ. ಪ್ರತಿಭಾವಂತನನ್ನು ನೋಡಿ ಕೋಚ್‌ಗೆ ಅಂಕ ಕೊಡುವುದು ಕಷ್ಟ. ಅವನು ಯಾರ ಕೈಯಲ್ಲಾದರೂ ಆಡುತ್ತಾನೆ.

ಸಮಿತಿಯವರಲ್ಲಿ ಒಂದು ವಿನಂತಿ. ಜೂನ್‌ನಲ್ಲೇ, ಮಳೆ ಶುರುವಾಗುವಾಗ, ಒಂದು ಹಾಳೆ ಬರೆದಿಡಿ. ಈ ಸಲ ಎಷ್ಟು ಆಟಗಾರರಿದ್ದಾರೆ, ವಾರಕ್ಕೆ ಎಷ್ಟು ದಿನ ಮೈದಾನ ಸಿಗುತ್ತದೆ, ಎದುರಾಳಿಗಳು ಯಾರು, ಇದರಲ್ಲಿ ಎಲ್ಲಿಯವರೆಗೆ ಹೋದರೆ ಚೆನ್ನಾಗಿ ಮಾಡಿದ ಹಾಗೆ. ಒಂದು ಪ್ರತಿ ಮಾಸ್ಟ್ರಿಗೂ ಕೊಡಿ. ಡಿಸೆಂಬರ್‌ನಲ್ಲಿ ಅವರ ಜೊತೆ ಕೂತು ಆ ಹಾಳೆಯನ್ನೇ ಇನ್ನೊಮ್ಮೆ ಓದಿ, ಯಾರು ಬಿಟ್ಟುಹೋದರು, ಯಾರು ಸುಧಾರಿಸಿದರು ಎಂದು ಪಕ್ಕದಲ್ಲೇ ಗುರುತು ಹಾಕಿ.